ಎಕ್ಕಂಬಿಯ ಗಿರಣಿ ಮನೆಗೆ ಮರಳಿದ ಮುರಿಗೆವ್ವ

೧೯೯೭ರ ಫೆಬ್ರವರಿಯ ಒಂದು ಮಧ್ಯಾಹ್ನ ಎಕ್ಕಂಬಿಯ ಮಡಿವಾಳಪ್ಪನ ಹಿಟ್ಟಿನ ಗಿರಣಿಯ ಮುಂದೆ ಬಿಳಿ ವ್ಯಾನೊಂದು ಬಂದು ನಿಂತಿತು. ಅದರಿಂದ ಇಳಿದವಳು ಅವನ ತಂಗಿ ಮುರಿಗೆವ್ವ.

ಹನ್ನೊಂದು ವರ್ಷದ ಹಿಂದೆ ಮಡಿವಾಳಪ್ಪನೇ ಅವಳನ್ನು ದೂರದ ಊರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿ, ಎರಡು ತಿಂಗಳಲ್ಲಿ ಕರೆದೊಯ್ಯುತ್ತೇನೆಂದು ಹೇಳಿ ಬಂದಿದ್ದ. ಆಮೇಲೆ ಅವಳನ್ನು ನೋಡಲು ಹೋಗಿದ್ದು ಎರಡೇ ಸಲ. ಅವಳ ಗಂಡ ಬೇರೆ ಮದುವೆಯಾದ. ‘ಗುಣವಾಗಿದೆ, ಬಂದು ಕರೆದುಕೊಂಡು ಹೋಗಿ’ ಎಂದು ಆಸ್ಪತ್ರೆಯಿಂದ ಮೂರು ಕಾಗದ ಬಂದರೂ ಮಡಿವಾಳಪ್ಪ ಉತ್ತರಿಸಲಿಲ್ಲ. ಕಡೆಗೆ ಅವರೇ ತಂದು ಬಿಟ್ಟರು.

“ಬ್ಯಾನಿ ಈಗ ಹತೋಟ್ಯಾಗ ಐತ್ರಿ. ಗುಳಿಗಿ ಮಾತ್ರ ತಪ್ಪಿಸಬ್ಯಾಡ್ರಿ. ತಿಂಗಳಿಗೊಮ್ಮೆ ಶಿರಸಿಗೆ ಡಾಕ್ಟರು ಬರ್ತಾರ, ಅಲ್ಲೇ ತೋರಸ್ರಿ,” ಎಂದು ಹೇಳಿ ವ್ಯಾನಿನವರು ಹೊರಟುಹೋದರು.

ಮಡಿವಾಳಪ್ಪನ ಹೆಂಡತಿ ಪಾರ್ವತವ್ವ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅವಳು ಈ ಮನೆಗೆ ಸೊಸೆಯಾಗಿ ಬಂದದ್ದು ನಾದಿನಿ ಆಸ್ಪತ್ರೆ ಸೇರಿದ ಮೇಲೆ. ಹೆತ್ತ ಕೂಸು ಸತ್ತ ವಾರದಲ್ಲೇ ಮುರಿಗೆವ್ವ ಕುಡುಗೋಲು ಹಿಡಿದು ಜನರ ಮೇಲೆ ಬಿದ್ದಿದ್ದಳು ಎಂಬ ಮಾತನ್ನಷ್ಟೇ ಕೇಳಿದ್ದಳು. ಅಂದು ಸಂಜೆಯೇ ಮನೆಯ ಕುಡುಗೋಲು, ಈಳಿಗೆಮಣೆ, ಒನಕೆ ಎಲ್ಲವನ್ನೂ ಗಿರಣಿಯೊಳಗೆ ಹಾಕಿ ಬೀಗ ಜಡಿದಳು. ಆರು ವರ್ಷದ ಮಗಳು ಶಿಲ್ಪಾಳಿಗೆ, ಸೋದರತ್ತೆಯ ಹತ್ತಿರ ಒಬ್ಬಳೇ ಸುಳಿಯಬಾರದೆಂದು ಗದರಿಸಿದಳು.

ಮುರಿಗೆವ್ವ ಏನನ್ನೂ ಮಾಡಲಿಲ್ಲ. ಪಾರ್ವತವ್ವನಿಗೆ ಅದೇ ಹೆಚ್ಚು ಭಯ ಹುಟ್ಟಿಸಿತು. ಯಾರಾದರೂ ‘ಹೋಗು’ ಎನ್ನದೆ ಮುರಿಗೆವ್ವ ಹೊಸ್ತಿಲು ದಾಟುತ್ತಿರಲಿಲ್ಲ. ಉಣ್ಣಲು ಕರೆದರೆ ತಾಟು ಹಿಡಿದು, ಆಸ್ಪತ್ರೆಯ ಸರತಿಯಲ್ಲಿ ನಿಂತವಳಂತೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ರಸ್ತೆಯಲ್ಲಿ ಗಾಡಿಯ ಸದ್ದು ನಿಂತರೆ ಸಾಕು, ಜೋಳದ ಚೀಲಗಳ ಹಿಂದೆ ಹೋಗಿ ಮುದುಡಿ ಕೂರುತ್ತಿದ್ದಳು. ಒಬ್ಬರ ಕಣ್ಣು ಒಬ್ಬರು ತಪ್ಪಿಸುತ್ತಲೇ ಅತ್ತಿಗೆ ನಾದಿನಿಯರು ಆರು ವರ್ಷ ಕಳೆದರು. ಆರೋಗ್ಯ ಇಲಾಖೆಯ ನರ್ಸ್ ವೇದಾ ಆಗಾಗ ಬಂದು ಗುಳಿಗೆಯ ಚೀಟಿ ನೋಡಿ ಹೋಗುತ್ತಿದ್ದಳು.

೨೦೦೩ರ ಮಳೆಗಾಲದಲ್ಲಿ ಮಡಿವಾಳಪ್ಪ, “ಚಲೋ ಆಗ್ಯಾಳ, ಇನ್ನ ಗುಳಿಗಿ ಯಾಕ?” ಎಂದು ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟ. ಎರಡು ತಿಂಗಳಲ್ಲಿ ಮುರಿಗೆವ್ವನ ನಿದ್ದೆ ಹೋಯಿತು. ಗೋಡೆಯ ಕಡೆ ಕಿವಿಯಿಟ್ಟು, “ಬ್ಯಾಡ, ಬ್ಯಾಡ” ಎಂದು ಗೊಣಗತೊಡಗಿದಳು. ಒಂದು ಬೆಳಿಗ್ಗೆ ಓಡುತ್ತಿದ್ದ ಗಿರಣಿಯ ಬೆಲ್ಟಿನತ್ತ ಕೈ ಚಾಚಿದಳು. ಮಡಿವಾಳಪ್ಪ ಮೋಟಾರು ಬಂದ್ ಮಾಡಿ ಅವಳನ್ನು ಎಳೆದುಕೊಂಡ. ಹಿಟ್ಟಿಗೆ ಬಂದಿದ್ದವರು ಡಬ್ಬಿಗಳನ್ನು ಅಲ್ಲೇ ಬಿಟ್ಟು ಓಡಿದರು. ಮಧ್ಯಾಹ್ನದ ಹೊತ್ತಿಗೆ ಅವಳನ್ನು ಆಸ್ಪತ್ರೆಗೆ ಒಯ್ಯಲು ಮಡಿವಾಳಪ್ಪ ಕರೆಸಿದ ಜೀಪು ಬಂತು.

ಜೀಪಿನ ಸದ್ದಿಗೆ ಈ ಸಲ ಮುರಿಗೆವ್ವ ಅಡಗಲಿಲ್ಲ. ಎದ್ದು ಸೆರಗು ಬಿಗಿದುಕೊಂಡು, ಕಟ್ಟಲೆಂದು ಎರಡೂ ಮಣಿಕಟ್ಟು ಜೋಡಿಸಿ ಅಣ್ಣನ ಮುಂದೆ ಹಿಡಿದಳು. ಮಡಿವಾಳಪ್ಪ ಮುಖ ತಿರುಗಿಸಿದ. ಮೊದಲ ಸಲ ಅವಳನ್ನು ಒಯ್ದದ್ದು ಹೇಗೆಂದು ಪಾರ್ವತವ್ವನಿಗೆ ಆಗ ತಿಳಿಯಿತು.

ಅಷ್ಟರಲ್ಲಿ ಸುದ್ದಿ ಕೇಳಿ ವೇದಾ ಬಂದಳು. ಎಸ್‌ಟಿಡಿ ಬೂತಿನಿಂದ ಡಾಕ್ಟರ ಜೊತೆ ಮಾತಾಡಿ ಹಿಂತಿರುಗಿದಳು.

“ಇಂಥದ್ದಕ್ಕೆಲ್ಲ ಆಸ್ಪತ್ರೆಗೇ ಹೋಗಬೇಕು ಅಂತೇಳಿ ಇಲ್ಲ ಈಗ. ಇವತ್ತೇ ಇಂಜೆಕ್ಷನ್ ಶುರುಮಾಡುವ. ಹತ್ತು ದಿನ ನಾನೇ ದಿನಾ ಬರ್ತೇನೆ. ಆದರೆ ಹಗಲೂ ರಾತ್ರಿ ಒಬ್ಬರು ಜೊತೆಗಿರಬೇಕು. ಕಮ್ಮಿ ಆಗದಿದ್ರೆ ಮಾತ್ರ ಕಳಿಸುವ.”

“ಯಾರ ಇರ್ತಾರ್ರಿ ಅಕ್ಕಾರ?” ಎಂದ ಮಡಿವಾಳಪ್ಪ.

“ನಾ ಇರ್ತೇನಿ,” ಎಂದಳು ಪಾರ್ವತವ್ವ. ಜೀಪು ಖಾಲಿಯೇ ಮರಳಿತು. ಅವಳು ಶಿಲ್ಪಾಳನ್ನು ತವರಿಗೆ ಕಳಿಸಿದಳು.

ಮೊದಲ ಮೂರು ದಿನ ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ನಾದಿನಿ ಕೆಮ್ಮಿದರೂ ಬೆಚ್ಚಿ ಏಳುತ್ತಿದ್ದಳು. ನಾಲ್ಕನೆಯ ಮಧ್ಯಾಹ್ನ ಕೂತಲ್ಲೇ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಮುರಿಗೆವ್ವ ಹಿತ್ತಾಳೆ ತಂಬಿಗೆ ಹಿಡಿದು ಅವಳ ಮೇಲೆಯೇ ಬಾಗಿದ್ದಳು. ಪಾರ್ವತವ್ವ ಬಾಗಿಲಿಗೆ ಒತ್ತಿಕೊಂಡಳು.

“ವೈನಿ, ನೀ ಸತ್ತೀ ಅಂತ ಗ್ವಾಡ್ಯಾಗಿನವರು ಹೇಳಾಕತ್ತಿದ್ರು,” ಎಂದಳು ಮುರಿಗೆವ್ವ. “ಉಸಿರು ಐತೋ ಇಲ್ಲೋ ನೋಡಿದೆ. ನೀರು ತಂದೀನಿ.”

ಪಾರ್ವತವ್ವ ತಂಬಿಗೆ ಇಸಿದುಕೊಂಡು ಕುಡಿದಳು. ಆರು ವರ್ಷದಿಂದ ಕೇಳದೆ ಉಳಿದದ್ದನ್ನು ಆಮೇಲೆ ಕೇಳಿದಳು: “ಆವಾಗ ಕುಡುಗೋಲು ಯಾರ ಮ್ಯಾಲ ಎತ್ತಿದ್ದಿ?”

“ಯಾರ ಮ್ಯಾಲೂ ಅಲ್ಲ. ಕೂಸು ಇಲ್ಲದ ತೊಟ್ಟಿಲ ತೂಗಾಡತಿತ್ತು. ಹಗ್ಗ ಕೊಯ್ದೆ. ಮಂದಿ ಬಂದು ಹಿಡದ್ರು.”

ಅದು ಪೂರ್ತಿ ನಿಜವೋ ಅಲ್ಲವೋ ಪಾರ್ವತವ್ವನಿಗೆ ತಿಳಿಯಲಿಲ್ಲ. ಗಂಡನನ್ನು ಕೇಳಿದರೆ ಅವನು, “ನಾ ಆಗ ಮನ್ಯಾಗಿರಲಿಲ್ಲ” ಎಂದಷ್ಟೇ ಹೇಳಿದ.

ವೇದಾ ಮಾತು ತಪ್ಪದೆ ಮಳೆಯಲ್ಲೂ ಹತ್ತು ದಿನ ಬಂದಳು. ಎಂಟನೆಯ ದಿನ ಮುರಿಗೆವ್ವ ಮಧ್ಯಾಹ್ನ ಉಂಡು ಮಲಗಿದವಳು ಸಂಜೆ ದೀಪ ಹಚ್ಚುವವರೆಗೂ ಏಳಲಿಲ್ಲ. ಈಗ ಉಸಿರು ನೋಡುವ ಸರದಿ ಪಾರ್ವತವ್ವನದಾಗಿತ್ತು.

ಮುರಿಗೆವ್ವ ಪೂರ್ತಿ ಗುಣವಾದಳೆಂದು ಯಾರೂ ಹೇಳುವಂತಿರಲಿಲ್ಲ. ಎರಡು ವರ್ಷದ ಮೇಲೆ ಬೇನೆ ಮತ್ತೊಮ್ಮೆ ಉಲ್ಬಣಿಸಿತು. ಆಗಲೂ ಮನೆಯಲ್ಲೇ ಸುಧಾರಿಸಿತು. ಗಿರಣಿಯಲ್ಲಿ ಹಿಟ್ಟು ಜರಡಿ ಹಿಡಿಯುವ ಕೆಲಸ ಅವಳದಾಯಿತು. ೨೦೦೭ರಲ್ಲಿ ಪಾರ್ವತವ್ವನಿಗೆ ಜ್ವರ ಬಂದಾಗ, ಮುರಿಗೆವ್ವ ತನ್ನ ತಿಂಗಳ ಗುಳಿಗೆ ತರಲು ಒಬ್ಬಳೇ ಶಿರಸಿಗೆ ಹೋಗುತ್ತೇನೆಂದಳು. ಹೊಸ್ತಿಲ ಬಳಿ ಒಂದು ಗಳಿಗೆ ನಿಂತು, ಯಾರ ಅಪ್ಪಣೆಯನ್ನೂ ಕೇಳದೆ ದಾಟಿ ಬಸ್ಸು ಹತ್ತಿದಳು.

ಮೂರು ಗಂಟೆಯ ಬಸ್ಸಿಗೆ ಅವಳು ಬರಲಿಲ್ಲ. ಪಾರ್ವತವ್ವ ಜ್ವರದಲ್ಲೇ ಚಾದರ ಹೊದ್ದು ರಸ್ತೆಗೆ ಬಂದು ನಿಂತಳು. ನಾಲ್ಕೂವರೆಯ ಬಸ್ಸಿನಿಂದ ಮುರಿಗೆವ್ವ ಇಳಿದಳು, ಮುಖ ಬಿಳಿಚಿತ್ತು.

“ಹೆದರಿದ್ಯೇನ?” ಎಂದಳು ಪಾರ್ವತವ್ವ.

“ಹೋಗಾಗ, ಬರಾಗ, ಎಲ್ಲಾ ಹೊತ್ತೂ,” ಎಂದಳು ಮುರಿಗೆವ್ವ. “ನಿನ್ನ ಜ್ವರಕ್ಕೂ ಗುಳಿಗಿ ಕೇಳಿ ತಂದೀನಿ. ನಡಿ, ಥಂಡ್ಯಾಗ ನಿಂದ್ರಬ್ಯಾಡ.”