ನಿಂತೇ ಇದ್ದ ಕಾಂಪೌಂಡರ್

ಕೊನೆಯ ದಿನವೂ ನನ್ನ ಯಜಮಾನರು ಆರೋಗ್ಯ ಕೇಂದ್ರದ ಕಿಟಕಿಯ ಹಿಂದೆ ನಿಂತೇ ಮಾತ್ರೆ ಕೊಟ್ಟರು. ಕಾಂಪೌಂಡರ್ ಆಗಿದ್ದ ಅವರು ಉಣ್ಣುವುದೂ ನಿಂತೇ, ತೂಕಡಿಸುವುದೂ ನಿಂತೇ. ಸಿಬ್ಬಂದಿಯ ಕಷ್ಟ ಕೇಳುವ ಫಾರಂ ವರ್ಷಕ್ಕೊಮ್ಮೆ ಬಂದರೆ ಎಲ್ಲರದ್ದನ್ನೂ ಅವರೇ ತುಂಬುವರು. ನರ್ಸಮ್ಮನಿಗೆ ರಜೆ ಇಲ್ಲ, ಡ್ರೈವರನಿಗೆ ಸೊಂಟನೋವು. ತಮ್ಮದರಲ್ಲಿ ಮಾತ್ರ ‘ತೊಂದರೆ ಇಲ್ಲ’. ಒಂದು ರಾತ್ರಿ “ಕಾಲು ಊದಿ ಕಂಬ ಆಗಿದೆ, ಒಂದು ಕುರ್ಚಿ ಕೇಳ್ರೀ” ಅಂದೆ. “ಕುದುರೆ ಕೂತಿದ್ದು ನೋಡಿದ್ದೀಯೇನೇ?” ಎಂದು ನಕ್ಕರು. ಮರುದಿನ ಆ ಕಿಟಕಿಯ ಹಿಂದೆಯೇ ಕುಸಿದರು, ಹೋದರು. ಮೂರು ತಿಂಗಳಿಗೆ ಕುರ್ಚಿಯೊಂದು ಬಂತು, ಅದೇ ಕೇಂದ್ರದಲ್ಲಿ ಕಸ ಗುಡಿಸುವ ನನ್ನ ಹೆಸರಿಗೆ. ನನ್ನ ಬರವಣಿಗೆ ನಿಧಾನವೆಂದು ನನ್ನ ಫಾರಂ ತುಂಬಿದವರೂ ಅವರೇ: ‘ಈಕೆಗೆ ಮಂಡಿನೋವು, ಕುರ್ಚಿ ಬೇಕು.’ ದಿನಾ ಬೆಳಿಗ್ಗೆ ಅದನ್ನು ಒರೆಸಿ, ಅವರು ನಿಲ್ಲುತ್ತಿದ್ದ ಜಾಗದಲ್ಲಿಟ್ಟು, ಪೊರಕೆ ಹಿಡಿಯುತ್ತೇನೆ.