ಫೈನ್ ಎಂಬ ಗುಂಡಿ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಲು ನನಗೆ ನಾಲಿಗೆಯೇ ಹೊರಳದ ಕಾಲವೊಂದಿತ್ತು. ಆಗ ನನಗೆ ಇಪ್ಪತ್ಮೂರು. ಬಿ.ಎ. ಆಗಿತ್ತು, ಇಂಗ್ಲಿಷ್ ಟೈಪಿಂಗ್ ಸೀನಿಯರ್ ಆಗಿತ್ತು, ಸಕಲೇಶಪುರದ ಒಂದು ಕಾಫಿ ವ್ಯಾಪಾರದ ಆಫೀಸಿನಲ್ಲಿ ಟೈಪಿಸ್ಟ್ ಕೆಲಸವೂ ಸಿಕ್ಕಿತ್ತು. ಇಷ್ಟೆಲ್ಲ ಆದವಳಿಗೆ ಗೊತ್ತಿಲ್ಲದ್ದು ಏನಾದರೂ ಇರಬಹುದೆಂದು ಆಫೀಸಿನಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಹಾಗಾಗಿ ನಾನೂ ಅಂದುಕೊಳ್ಳಲಿಲ್ಲ.

ಆಫೀಸು ಎಂದರೆ ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆ. ಅದರಲ್ಲಿ ನಾವು ಮೂವರು. ಹೆಡ್ ಕ್ಲಾರ್ಕ್ ಮಲ್ಲೇಶಪ್ಪನವರು, ಹಣೆಯ ವಿಭೂತಿ ಬೆವರಿಗೂ ಅಳಿಸದ ಹಾಗೆ ಇಡೀ ದಿನ ನೆಟ್ಟಗೆ ಕೂರುವವರು. ಗುಡಿಸಿ ಒರೆಸಿ ದಿನಕ್ಕೆ ಮೂರು ಸಲ ಕಾಫಿ ಮಾಡಿಕೊಡುವ ನಿಂಗಮ್ಮ. ಮತ್ತೆ ನಾನು. ಸಾಹುಕಾರರು ತೋಟದಲ್ಲೇ ಇರುತ್ತಿದ್ದರು, ವಾರಕ್ಕೊಮ್ಮೆ ಜೀಪಿನಲ್ಲಿ ಬಂದು ಹೋಗುತ್ತಿದ್ದರು. ಬೆಳೆಗಾರರು ತಮ್ಮ ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದು ಎಂದಾದ ಹೊಸತು ಅದು. ಮಂಗಳೂರು, ಬೆಂಗಳೂರಿನ ದರ ಬೆಳಿಗ್ಗೆ ಒಂದಿದ್ದರೆ ಸಂಜೆ ಇನ್ನೊಂದು. ಅದಕ್ಕಾಗಿ ಸಾಹುಕಾರರು ಒಂದು ಫ್ಯಾಕ್ಸ್ ಮಿಷನ್ ತರಿಸಿದರು.

ಅದನ್ನು ಕೂರಿಸಲು ಹಾಸನದಿಂದ ಬಂದಾತನಿಗೆ ವಾಪಸು ಬಸ್ಸು ಹಿಡಿಯುವ ಅವಸರ. ಹಸಿರು ಗುಂಡಿ ಒತ್ತಿದರೆ ಹೋಗುತ್ತದೆ, ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆ, ಉಳಿದದ್ದೆಲ್ಲ ಬುಕ್ಕಿನಲ್ಲಿದೆ ಎಂದು ಹೇಳಿ ಮೆಟ್ಟಿಲಿಳಿದ. ಪ್ಲಾಸ್ಟಿಕ್ ಕವರಿನೊಳಗಿದ್ದ ಆ ಬುಕ್ಕನ್ನು ನಾನು ಕವರಿನ ಸಮೇತ ಡ್ರಾಯರಿನಲ್ಲಿಟ್ಟೆ. ಇಷ್ಟು ಓದಿದವಳು ಒಂದು ಮಿಷನ್ನಿಗಾಗಿ ಬುಕ್ಕು ಬಿಡಿಸಿಕೊಂಡು ಕೂತರೆ ನೋಡಿದವರು ಏನಂದುಕೊಂಡಾರು ಎಂಬುದು ನನ್ನ ಚಿಂತೆ.

ಆ ಮಿಷನ್ನಿನ ಮುಖದ ಮೇಲೆ ಅಂಕಿಗಳ ಗುಂಡಿ ಬಿಟ್ಟು ಇನ್ನೂ ಹನ್ನೆರಡು ಹದಿಮೂರು ಗುಂಡಿಗಳಿದ್ದವು. ಒಂದೊಂದರ ತಲೆಯ ಮೇಲೂ ಒಂದು ಇಂಗ್ಲಿಷ್ ಪದ. ಮಲ್ಲೇಶಪ್ಪನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದಲ್ಲ. ಮಲೆನಾಡಿನ ಎಲ್ಲರಿಗೂ ಬರುವಷ್ಟು ಬರುತ್ತಿತ್ತು. ತೊಂದರೆ ಏನೆಂದರೆ, ಇಂಗ್ಲಿಷ್ ಪದಗಳು ಘಟ್ಟ ಹತ್ತಿ ನಮ್ಮ ಕಡೆ ಬರುವಷ್ಟರಲ್ಲಿ ಬೇರೆ ಕೆಲಸಕ್ಕೆ ಸೇರಿಕೊಂಡುಬಿಟ್ಟಿರುತ್ತವೆ. ನಮ್ಮಪ್ಪ ಹಾನುಬಾಳಿನ ಹತ್ತಿರದ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ ಬರೆಯುವವರಿಗೆ ನಮ್ಮಲ್ಲಿ ರೈಟರ್ ಎನ್ನುತ್ತಾರೆ. ಹೈಸ್ಕೂಲಿಗೆ ಸೇರಿದ ಮೊದಲ ದಿನ, ಮೈಸೂರಿನಿಂದ ಹೊಸದಾಗಿ ಬಂದಿದ್ದ ಮೇಷ್ಟ್ರು ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ರೈಟರ್ ಸಾರ್ ಎಂದೆ. ಅವರು ಎದ್ದು ನನ್ನ ಬೆಂಚಿನ ಹತ್ತಿರವೇ ಬಂದು, ಕಾದಂಬರಿಯೋ ಕವಿತೆಯೋ ಎಂದು ವಿಚಾರಿಸಿದರು. ನನಗೆ ಗೊತ್ತಾಗಲಿಲ್ಲ. ಆದರೂ ಎರಡೂ ಸಾರ್ ಎಂದೆ. ನನ್ನ ರೋಗ ಎಷ್ಟು ಹಳೆಯದು ಎನ್ನುವುದಕ್ಕೆ ಇದನ್ನು ಹೇಳಿದೆ.

ನಿಂಗಮ್ಮನಿಗೂ ಇಂಥದೇ ಇಂಗ್ಲಿಷ್ ಇತ್ತು. ಮೂವತ್ತು ವರ್ಷ ಎಸ್ಟೇಟಿನ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ ಇದ್ದು ಬಂದವಳು. ಒಂದು ದಿನ ಎಷ್ಟು ಸಲ ಹಸಿರು ಗುಂಡಿ ಒತ್ತಿದರೂ ಫ್ಯಾಕ್ಸ್ ಹೋಗದಾಗ ಮಲ್ಲೇಶಪ್ಪನವರು, "ಲೈನ್ ಬಿಜಿ ಅಂತ ಐತಲ್ಲಮ್ಮ" ಎಂದರು. ಕಾಫಿ ಲೋಟ ಎತ್ತುತ್ತಿದ್ದ ನಿಂಗಮ್ಮ, "ಈ ಹೊತ್ನಲ್ಲಿ ಲೈನಲ್ಲಿ ಯಾರಿರ್ತಾರೆ ಸ್ವಾಮಿ, ಎಲ್ರೂ ಹಣ್ಣು ಕೀಳಾಕೆ ಹೋಗಿರ್ತಾರೆ" ಎಂದು ಸಹಜವಾಗಿ ಹೇಳಿ ಒಳಗೆ ಹೋದಳು.

ಮಲ್ಲೇಶಪ್ಪನವರು ಗುಂಡಿಗಳ ಮೇಲಿನ ಪದ ಒಂದೊಂದಾಗಿ ಓದಿ ನನ್ನನ್ನು ಕೇಳುತ್ತಿದ್ದರು. ಫ್ಲಾಶ್ ಎಂದರೇನು? ಕಳಿಸಿದವರ ಫೋಟೋ ಹೋಗುತ್ತೆ ಸಾರ್, ಎಂದೆ. ಅಂದಿನಿಂದ ಆ ಗುಂಡಿಯ ಎದುರು ಬಾಗುವಾಗ ಅವರು ಕಾಲರ್ ಸರಿಮಾಡಿಕೊಳ್ಳುತ್ತಿದ್ದರು. ಪೋಲಿಂಗ್ ಎಂದರೇನು? ಅದು ಎಲೆಕ್ಷನ್ ಟೈಮಿಗೆ, ಎಂದೆ. ಅವರಿಗೆ ನನ್ನ ಮೇಲೆ ಎಂಥ ನಂಬಿಕೆ ಎಂದರೆ, ಒಂದಕ್ಕೂ ಹೌದಾ ಎಂದು ತಿರುಗಿ ಕೇಳಲಿಲ್ಲ.

ಹೀಗಿರುವಾಗ ಒಂದು ದಿನ ಅವರ ಮೊಣಕೈ ತಗುಲಿ ಯಾವುದೋ ಗುಂಡಿ ಒತ್ತಿಹೋಗಿ, ಅದರ ಪಕ್ಕದ ಪುಟ್ಟ ಕೆಂಪು ದೀಪ ಹತ್ತಿಕೊಂಡಿತು. ದೀಪದ ಕೆಳಗೆ ಫೈನ್ ಎಂದಿತ್ತು.

"ಶಾರದಾ, ಇದೇನಮ್ಮ ಫೈನ್ ಅಂತ ಬಂತು?"

ನಾನು ಟೈಪ್ ಮಾಡುತ್ತಲೇ, ತಲೆ ಎತ್ತದೆ ಹೇಳಿದೆ. "ದಂಡ ಸಾರ್. ಮುಟ್ಟಬೇಡಿ ಅದನ್ನ."

ಅವರು ಬಗ್ಗಿ ಗುಂಡಿಯ ಮೇಲಿನ ಹೆಸರು ಓದಿದರು. ರೆಸೊಲ್ಯೂಷನ್. ಸಹಕಾರ ಸೊಸೈಟಿಯ ಮಾಜಿ ಡೈರೆಕ್ಟರಾದ ಅವರಿಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಠರಾವು," ಎಂದರು. "ಸರಿಹೋಯ್ತು. ಠರಾವು ಪಾಸ್ ಮಾಡದೆ ಒತ್ತಿದೀನಿ, ಅದಕ್ಕೇ ಫೈನ್ ಬಿದ್ದೈತೆ." ಗೋಡೆಯ ಸ್ವಿಚ್ಚನ್ನೇ ಆರಿಸಿ, ಡ್ರಾಯರಿನಿಂದ ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ತೆಗೆದು, ಆ ಗುಂಡಿಯ ಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ಅಂಟಿಸಿದರು. ಅಲ್ಲಿಂದ ಎಂಟು ತಿಂಗಳು ಅದನ್ನು ಯಾರೂ ಮುಟ್ಟಲಿಲ್ಲ.

ಈಗ, ಆ ಎಂಟು ತಿಂಗಳ ಕೊನೆಗೆ ನಡೆದದ್ದನ್ನು ಹೇಳುತ್ತೇನೆ.

ನಿಂಗಮ್ಮನಿಗೆ ಗೌರಿ ಎಂದು ಒಬ್ಬಳೇ ಮಗಳು. ದೋಣಿಗಲ್ಲಿನ ಹತ್ತಿರದ ಎಸ್ಟೇಟಿಗೆ ಕೊಟ್ಟಿದ್ದರು. ಎರಡನೆಯ ಹೆರಿಗೆಯ ದಿನ ಹತ್ತಿರವಿತ್ತು. ಒಂದು ಬೆಳಗಿನ ಜಾವ ನೋವು ಶುರುವಾಗಿ, ಎಲ್ಲೋ ಏನೋ ಸರಿಯಿಲ್ಲ ಎನಿಸಿ, ಗಂಡ ಮಂಜ ಅವಳನ್ನು ಎಸ್ಟೇಟ್ ಜೀಪಿನಲ್ಲಿ ಹಾಕಿಕೊಂಡು ಘಟ್ಟ ಇಳಿದು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ. ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮ ಆಫೀಸಿಗೆ ಅವನ ಫೋನು ಬಂತು. ಫೋನೆತ್ತಿದವಳು ನಾನೇ.

"ಅಕ್ಕಾ, ಆಪರೇಷನ್ ಮಾಡ್ಬೇಕಂತೆ. ಹಿಂದ್ಲು ಹೆರಿಗೇಲಿ ಯಾವ್ದೋ ಇಂಜೆಕ್ಷನ್ ಕೊಟ್ಟು ಅವ್ಳು ಸಾಯಂಗಾಗಿದ್ಲಲ್ಲ, ಅದ್ರ ಹೆಸರು ಬೇಕಂತೆ. ಡಾಕ್ಟ್ರು ಬರ್ಕೊಟ್ಟಿದ್ದ ಚೀಟಿ ಅತ್ತೆ ಹತ್ರ ಐತೆ."

ಮೊದಲ ಹೆರಿಗೆ ಸಕಲೇಶಪುರದಲ್ಲೇ ಆಗಿತ್ತು. ಆಗ ಒಂದು ಇಂಜೆಕ್ಷನ್ ಒಗ್ಗದೆ ಗೌರಿಯ ಮೈಯೆಲ್ಲ ಊದಿ, ಉಸಿರೇ ಕಟ್ಟಿತ್ತಂತೆ. ಉಳಿಸಿದ ಡಾಕ್ಟರು ಆ ಔಷಧದ ಹೆಸರು ಬರೆದು, ಎಲ್ಲಿಗೆ ಹೋದರೂ ಇದನ್ನು ಮೊದಲು ತೋರಿಸಿ ಎಂದು ಹೇಳಿ ಕೊಟ್ಟಿದ್ದರು. ಆಮೇಲೆ ಅವರೂ ಊರು ಬಿಟ್ಟು ಹೋಗಿದ್ದರು. ನಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದವಳು, ಕಾಲು ಗಂಟೆಯಲ್ಲಿ ಒಂದು ವಿಭೂತಿ ಡಬ್ಬಿಯೊಂದಿಗೆ ಬಂದಳು. ಅದರೊಳಗೆ ನಾಲ್ಕು ಮಡಿಕೆಯ ಚೀಟಿ. ತಿಳಿನೀಲಿ ಇಂಕು, ಅರ್ಧ ಮಾಸಿದೆ, ಅಕ್ಷರ ಸಾಸಿವೆ ಗಾತ್ರ.

ಮತ್ತೆ ಫೋನು ಬಂತು, ಈ ಸಲ ಮಂಗಳೂರಿನ ಡಾಕ್ಟರಮ್ಮ. "ಅದರಲ್ಲಿ ಎಂತ ಬರೆದುಂಟು, ಓದಿ ಹೇಳಿ."

ಬಿ.ಎ. ಆದವಳು ಓದಲು ಹೋದೆ. ಮೊದಲ ಅಕ್ಷರ ಸಿ ಇರಬಹುದು, ಎಲ್ ಇರಬಹುದು. ಉಳಿದದ್ದು ಇರುವೆ ಸಾಲು. ಮಲ್ಲೇಶಪ್ಪನವರು ಚೀಟಿ ಹಿಡಿದು ಕೆಳಗಿಳಿದು ಎದುರಿನ ಮೆಡಿಕಲ್ ಶಾಪಿನವನಿಗೆ ತೋರಿಸಿ ಬಂದರು. ಎರಡರಲ್ಲಿ ಒಂದು ಇರಬೇಕು ಎಂದನಂತೆ.

"ಇರಬೇಕು ಅಂದರೆ ಆಗುವುದಿಲ್ಲ," ಎಂದರು ಡಾಕ್ಟರಮ್ಮ. "ನನಗೆ ಕಣ್ಣಲ್ಲಿ ನೋಡಬೇಕು. ಫ್ಯಾಕ್ಸ್ ಉಂಟಲ್ಲ ನಿಮ್ಮಲ್ಲಿ? ಬೇಗ ಕಳಿಸಿ. ತುಂಬ ಹೊತ್ತು ಕಾಯಲಿಕ್ಕೆ ಆಗುವುದಿಲ್ಲ."

ಚೀಟಿಯನ್ನು ಬಿಳಿ ಹಾಳೆಗೆ ಗೋಂದು ಹಚ್ಚಿ ಅಂಟಿಸಿದೆವು. ಅವರು ಹೇಳಿದ ನಂಬರು ಒತ್ತಿ, ಹಸಿರು ಗುಂಡಿ ಒತ್ತಿದೆ. ಹೋಯಿತು. ಆ ಕಡೆಯಿಂದ ಫೋನು ಬಂತು. ಖಾಲಿ ಹಾಳೆ ಬಂದಿದೆಯಂತೆ, ಅಲ್ಲೊಂದು ಇಲ್ಲೊಂದು ಚುಕ್ಕೆ. ಇನ್ನೊಮ್ಮೆ ಕಳಿಸಿದೆ. ಮತ್ತೆ ಚುಕ್ಕೆಗಳೇ. ಮಲ್ಲೇಶಪ್ಪನವರು ಅಕ್ಷರಗಳ ಮೇಲೆ ಪೆನ್ನಿನಿಂದ ತಿದ್ದೋಣವೇ ಎಂದರು. ಗೊತ್ತಿಲ್ಲದ ಅಕ್ಷರವನ್ನು ಯಾವ ಕಡೆಗೆ ಎಂದು ತಿದ್ದುವುದು? ಕೈಬಿಟ್ಟೆವು.

ನಿಂಗಮ್ಮ ಅಳಲಿಲ್ಲ. ಮಿಷನ್ನಿನ ಪಕ್ಕದಲ್ಲಿ ನಿಂತು ನನ್ನ ಮುಖ ನೋಡಿದಳು. "ಶಾರದಮ್ಮ, ನಿಮ್ಗೆ ಇದ್ರದೆಲ್ಲ ಗೊತ್ತಲ್ವ. ಎಂಗಾರ ಮಾಡಿ ಕಳ್ಸಿ ತಾಯಿ," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಡ್ರಾಯರು ಎಳೆದು, ಪ್ಲಾಸ್ಟಿಕ್ ಕವರನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಬುಕ್ಕು ತೆಗೆದೆ. ಗುಂಡಿಗಳ ಚಿತ್ರವಿದ್ದ ಪುಟ ಸಿಕ್ಕಿತು. ಸಣ್ಣ ಅಕ್ಷರ, ಮಸುಕಾದ ಬರಹ ಇದ್ದರೆ ರೆಸೊಲ್ಯೂಷನ್ ಗುಂಡಿ ಒತ್ತಿ ಫೈನ್ ದೀಪ ಹತ್ತಿಸಿಕೊಳ್ಳಿ, ಎಂದಿತ್ತು. ಫೈನ್ ಎಂದರೆ ನವಿರು, ಸೂಕ್ಷ್ಮ. ಬಸ್ ಸ್ಟ್ಯಾಂಡಿನ ಎದುರಿನ ಕಾಫಿಪುಡಿ ಮಿಷನ್ನಿನ ಮೇಲೆ ಇದೇ ಪದ ಬರೆದಿತ್ತು. ವಾರಕ್ಕೊಮ್ಮೆ ಅದರ ಮುಂದೆಯೇ ನಿಂತು, ನುಣ್ಣಗೆ ಮಾಡಿಕೊಡಿ ಎಂದು ಹೇಳಿ ಪುಡಿ ಮಾಡಿಸುತ್ತಿದ್ದವಳು ನಾನು.

"ಸಾರ್," ಎಂದೆ. "ಆ ಪ್ಲಾಸ್ಟರ್ ಹಾಕಿದ್ದೀರಲ್ಲ, ಆ ಗುಂಡಿ ಬೇಕು. ಅದು ದಂಡ ಅಲ್ಲ. ನನಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದ್ದೆ. ಉಳಿದ ಗುಂಡಿಗಳದ್ದೂ ಅಷ್ಟೆ."

ಮಲ್ಲೇಶಪ್ಪನವರು ಉಗುರಿನಿಂದ ಆ ಎರಡು ಪ್ಲಾಸ್ಟರನ್ನೂ ಕೆರೆದು ಕಿತ್ತರು. ಎಂಟು ತಿಂಗಳ ಅಂಟು, ಬೇಗ ಬರಲಿಲ್ಲ. ನಿಂಗಮ್ಮ ಸೀರೆಯ ಸೆರಗಿನಿಂದ ಅಂಟು ಒರೆಸಿದಳು.

"ಒತ್ತಮ್ಮ," ಎಂದರು ಅವರು.

ದೀಪ ಹತ್ತಿತು. ಬಣ್ಣ ಗಾಢ ಮಾಡುವ ಗುಂಡಿಯನ್ನೂ ಬುಕ್ಕು ನೋಡಿ ಒತ್ತಿದೆ. ಹಾಳೆ ಒಳಗೆ ಹೋಗತೊಡಗಿತು, ಆದರೆ ಎಷ್ಟು ನಿಧಾನವೆಂದರೆ ನಿಂತೇಹೋಯಿತೇನೋ ಎನಿಸಿತು. ಕೂದಲೆಳೆಯಷ್ಟು ಸರಿಯುವುದು, ನಿಲ್ಲುವುದು, ಮತ್ತೆ ಅಷ್ಟೇ ಸರಿಯುವುದು. ನನ್ನ ಬೆರಳು ಕೆಂಪು ಗುಂಡಿಯ ಕಡೆಗೆ ಹೋಯಿತು. ನಿಂಗಮ್ಮ ನನ್ನ ಕೈ ಹಿಡಿದುಕೊಂಡಳು. "ಇರಿ ತಾಯಿ. ನೋಡ್ಕಂಡು ಓಯ್ತಾ ಐತೆ." ಅಕ್ಷರ ಬಾರದ ಅವಳಿಗೆ ಅದು ಹೇಗೆ ತಿಳಿಯಿತೋ. ನಿಜಕ್ಕೂ ಅದು ನೋಡಿಕೊಂಡು ಹೋಗುತ್ತಿತ್ತು. ಸರಿಯಾಗಿ ನೋಡುವುದಕ್ಕೆ ಅಷ್ಟು ಹೊತ್ತು ಬೇಕಿತ್ತು.

ಫೋನು ಬಂತು. "ಬಂತು," ಎಂದರು ಡಾಕ್ಟರಮ್ಮ. ಆ ಇರುವೆ ಸಾಲನ್ನು ಪೇಪರ್ ಓದಿದ ಹಾಗೆ ಗಡಗಡನೆ ಓದಿದರು. ಮೆಡಿಕಲ್ ಶಾಪಿನವನು ಹೇಳಿದ ಎರಡು ಹೆಸರಲ್ಲಿ ಒಂದೂ ಅದಾಗಿರಲಿಲ್ಲ. "ನಾವು ಇದನ್ನೇ ಕೊಡುವವರಿದ್ದೆವು," ಎಂದು ಹೇಳಿ, ನನ್ನ ಉತ್ತರಕ್ಕೆ ಕಾಯದೆ ಫೋನಿಟ್ಟರು.

ಮಧ್ಯಾಹ್ನ ಮೂರರ ತನಕ ನಾವು ಮೂವರೂ ಊಟ ಮಾಡಲಿಲ್ಲ. ಆಮೇಲೆ ಮಂಜನ ಫೋನು ಬಂತು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ನಿಂಗಮ್ಮ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಆಗ ಅತ್ತಳು. ಮಲ್ಲೇಶಪ್ಪನವರು ತಾವೇ ಒಳಗೆ ಹೋಗಿ ಮೂರು ಲೋಟ ಕಾಫಿ ಮಾಡಿ ತಂದರು. ಸಕ್ಕರೆ ಹಾಕಲು ಮರೆತಿದ್ದರು. ಹಾಗೇ ಕುಡಿದೆವು.

ಆಫೀಸು ಮುಚ್ಚುವ ಹೊತ್ತಿಗೆ ಅವರು ನನ್ನನ್ನು ಕರೆದರು. ಇಡೀ ಮಧ್ಯಾಹ್ನ ಅದಕ್ಕೇ ಹೆದರಿಕೊಂಡಿದ್ದೆ.

"ಫ್ಲಾಶ್ ಒತ್ತಿದ್ರೆ ಫೋಟೋ ಹೋಗಲ್ವ ಹಂಗಾದ್ರೆ?" ಎಂದರು.

"ಇಲ್ಲ ಸಾರ್."

"ಎಂಟು ತಿಂಗಳಿಂದ ಕಾಲರ್ ಎಳ್ಕತಿದೀನಲ್ಲ ಮಾರಾಯ್ತಿ." ಅವರ ಮುಖದಲ್ಲಿ ನಗು ಬಂದಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ನಾಳೆಯಿಂದ ಆ ಬುಕ್ಕು ತಗಂಡು ಕೂತ್ಕ. ನಾನೂ ಕೂತ್ಕತೀನಿ. ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಇಬ್ರೂ ಕಲಿಯಾನ."

ಹಾಗೆ ದಿನವೂ ಊಟವಾದ ಮೇಲೆ ಒಂದೊಂದು ಗುಂಡಿ ಕಲಿತೆವು. ನಾನು ಓದಿ ಅರ್ಥ ಹೇಳುವುದು, ಅವರು ಒತ್ತುವುದು, ನಿಂಗಮ್ಮ ಬಾಗಿಲಲ್ಲಿ ನಿಂತು, ಈಗ ಯಾಕೆ ಕೂಗಿತು ಎಂದು ಕೇಳುವುದು. ಅವಳ ಪ್ರಶ್ನೆಗಳೇ ಕಷ್ಟದವು. ಬುಕ್ಕಿನಲ್ಲೂ ಉತ್ತರವಿಲ್ಲದಾಗ ಮಲ್ಲೇಶಪ್ಪನವರು ನೇರವಾಗಿ, "ಗೊತ್ತಿಲ್ಲ ಕಣವ್ವ" ಎನ್ನುತ್ತಿದ್ದರು. ಅಷ್ಟು ವಯಸ್ಸಾದವರು, ಅಷ್ಟು ಸಲೀಸಾಗಿ. ಮೊದಮೊದಲು ಅದನ್ನು ಕೇಳಿದರೆ ನನಗೇ ಮುಜುಗರ. ಆಮೇಲಾಮೇಲೆ ನಾನೂ ಹೇಳಿನೋಡಿದೆ. ಆಕಾಶವೇನೂ ಬೀಳಲಿಲ್ಲ. ಆಫೀಸಿನಲ್ಲಿ ನನ್ನ ಮರ್ಯಾದೆ ಹೋಗುವುದಿರಲಿ, ಜನ ಇನ್ನೂ ಹೆಚ್ಚು ಕೇಳತೊಡಗಿದರು, ಏಕೆಂದರೆ ಈಗ ನಾನು ಹೇಳಿದ್ದು ನಿಜವಿರುತ್ತಿತ್ತು.

ಮೂರು ವರ್ಷ ಕಳೆದ ಮೇಲೆ ನಿಂಗಮ್ಮ ಅಂದು ಹುಟ್ಟಿದ ಮೊಮ್ಮಗಳನ್ನು ಆಫೀಸಿಗೆ ಕರೆತಂದಳು. ಚಿಕ್ಕ ಜಡೆ, ದೊಡ್ಡ ರಿಬ್ಬನ್ನು. ಬಂದವಳೇ ಕುರ್ಚಿ ಹತ್ತಿ ನಿಂತು ಮಿಷನ್ನಿನ ಒಂದೊಂದು ಗುಂಡಿಯ ಮೇಲೂ ಬೆರಳಿಟ್ಟು ನನ್ನನ್ನು ಕೇಳಿದಳು. ಇದೇನು? ಹೇಳಿದೆ. ಇದೇನು? ಹೇಳಿದೆ. ಇದ್ಯಾಕೆ ಹಸಿರು? ಅದೂ ಹೇಳಿದೆ. ಆಮೇಲೆ ಅವಳ ಬೆರಳು ಬಲಗಡೆಯ ಮೂಲೆಗೆ ಬಂತು. ಅಲ್ಲಿ ಒಂದು ಬೂದು ಗುಂಡಿ. ತಲೆಯ ಮೇಲೆ ಒಂದಕ್ಷರವೂ ಇಲ್ಲ, ಬುಕ್ಕಿನ ಚಿತ್ರದಲ್ಲೂ ಇಲ್ಲ.

"ಇದೇನು?"

"ಗೊತ್ತಿಲ್ಲ ಕಣೆ," ಎಂದೆ.

ಅವಳು ನನ್ನ ಮುಖ ನೋಡಿ, ಹೂಂ ಎಂದು ತಲೆಯಾಡಿಸಿ, ಪಕ್ಕದ ಗುಂಡಿಗೆ ಬೆರಳಿಟ್ಟಳು.