ಎಲ್ಲರಿಗಿಂತ ಮುಂದಿನ ಸೈಕಲ್ಲು
ಮುದ್ದೇಬಿಹಾಳದ ಗುಡ್ಡಗಳಿಂದ ಕೃಷ್ಣೆಯ ಹಿನ್ನೀರಿಗೆ ಇಳಿಯುವ, ಜಲ್ಲಿಕಲ್ಲಿನ ಖಡಿದಾರಿಗಳಲ್ಲಿ ಸೈಕಲ್ ಸವಾರರನ್ನು ಕರೆದೊಯ್ಯುವ ನಬಿಲಾಲ ಚಾಚಾ, ಡಾಂಬರು ರಸ್ತೆ ಎಂದರೆ ಮುಖ ಸಿಂಡರಿಸಿ "ಅದು ಮದುವಿ ಬಸ್ಸಿಗಿರ್ಲಿ" ಎನ್ನುತ್ತಾರೆ. ಹಿನ್ನೀರು ಹತ್ತಿರ ಬಂದದ್ದನ್ನು ಗಾಳಿ ಮೂಸಿಯೇ ಹೇಳುತ್ತಾರೆ. ಟಯರಿನಡಿ ಖಡಿಯ ಸದ್ದು ಬದಲಾದರೆ ತಿರುವಿಗೆ ಮೊದಲೇ ಬೆಲ್ಲು ಹೊಡೆಯುತ್ತಾರೆ. ಹಿಂದೆ ಯಾರಾದರೂ ಹರಟಿದರೆ "ಬಾಯಿ ಮುಚ್ಚ್ರಿ, ದಾರಿ ಕೇಳಸವಲ್ದು" ಎಂದು ಗದರುತ್ತಾರೆ. ಅದನ್ನು ತಮಾಷೆ ಎಂದೇ ನಂಬಿ ಶೈಲಶ್ರೀ ಈ ಚಳಿಗಾಲವೆಲ್ಲ ಅವರ ಹಿಂದಿನ ಗಾಲಿಗೆ ಅಂಟಿಕೊಂಡು ಕಡಿದಾದ ಇಳಿಜಾರುಗಳನ್ನು ಇಳಿದಿದ್ದಳು. ಇಂದು ದಿಬ್ಬದ ಚಹಾದಂಗಡಿಯಲ್ಲಿ, ಕಣ್ಣೆದುರೇ ಇದ್ದ ಕಪ್ಪಿಗಾಗಿ ಅವರ ಕೈ ಬೆಂಚಿನ ಮೇಲೆಲ್ಲ ತಡಕಾಡಿತು. ಶೈಲಶ್ರೀ ಕಪ್ಪನ್ನು ಅವರ ಕೈಗಿತ್ತಳು. "ಚಾಚಾ, ನಿಮಗ ಯಾವಾಗಿಂದ ಕಾಣವಲ್ದ್ರಿ?" "ಮೆಲ್ಲಕ ಮಾತಾಡ, ತಂಗಿ. ಗೊತ್ತಾದ್ರ ಇವರು ನನ್ನ ಮನ್ಯಾಗ ಕೂಡಸ್ತಾರ." ಹೊರಗೆ ಸವಾರರು ಹೆಲ್ಮೆಟ್ ಬಿಗಿದುಕೊಂಡು, ಮುಂದಿನ ಜಾಗವನ್ನು ಚಾಚಾಗೆ ಬಿಟ್ಟು ಸಾಲಾಗಿ ನಿಂತಿದ್ದರು. ಶೈಲಶ್ರೀ ಯಾರಿಗೂ ಏನೂ ಹೇಳದೆ ತನ್ನ ಸೈಕಲ್ಲನ್ನು ತಂದು ಅಲ್ಲಿ ನಿಲ್ಲಿಸಿದಳು.